ಟಾಕ್‌ಬ್ಯಾಕ್‌ಗೆ ಓದಲಾಗದ ಸುತ್ತೋಲೆ

ಕೊಳ್ಳೇಗಾಲದ ಸರ್ಕಾರಿ ಕಚೇರಿಯೊಂದಕ್ಕೆ ಗಾಲಿಕುರ್ಚಿ ಹತ್ತುವ ಇಳಿಜಾರು ಇದೆಯೋ ಇಲ್ಲವೋ ಎಂಬುದು ದಾರಿಹೋಕರಿಗೂ ಕಾಣುತ್ತದೆ. ಅದೇ ಕಚೇರಿಗೆ ಅರ್ಜಿ ಹಾಕುವ ವೆಬ್‌ಸೈಟಿಗೆ ಅಂಥ ಇಳಿಜಾರು ಇದೆಯೇ ಎಂಬುದು ಮಾತ್ರ ಕಣ್ಣಿದ್ದವರಿಗೆ ಗೊತ್ತಾಗುವುದೇ ಇಲ್ಲ. ನೋಡುವುದಕ್ಕೆ ಪುಟ ಲಕ್ಷಣವಾಗಿರುತ್ತದೆ. ಫೋನಿನಲ್ಲಿ ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿಕೊಂಡು ಬೆರಳಾಡಿಸುವವರಿಗಷ್ಟೇ ಒಳಗಿನ ಪಾಡು ತಿಳಿಯುವುದು. ಹೆಸರು ಕೊಡದ ಗುಂಡಿಯನ್ನು ಮುಟ್ಟಿದರೆ ಅದು ಬರೀ ‘ಬಟನ್’ ಅನ್ನುತ್ತದೆ, ಏತಕ್ಕೆ ಎಂದು ಹೇಳುವುದಿಲ್ಲ. ಕ್ಯಾಪ್ಚಾ ಚಿತ್ರದ ಮುಂದೆ ಅದರ ಬಾಯಿ ಕಟ್ಟಿಹೋಗುತ್ತದೆ. ಸ್ಕ್ಯಾನ್ ಮಾಡಿ ಏರಿಸಿದ ಸುತ್ತೋಲೆ ಅದರ ಪಾಲಿಗೆ ಖಾಲಿ ಹಾಳೆ.

ಇದನ್ನು ತಿದ್ದಲು ಕಾನೂನು ಎಷ್ಟು ಬಿಗಿಯಾಗಿರಬೇಕು ಎಂಬುದರ ಬಗ್ಗೆ ಎರಡು ಮಾತಿವೆ. ಎರಡರಲ್ಲೂ ಹುರುಳಿದೆ.

ಕಾನೂನೇನೋ ಹಳೆಯದೇ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 42ನೇ ಕಲಮು ಮುದ್ರಿತ, ಧ್ವನಿ, ಎಲೆಕ್ಟ್ರಾನಿಕ್ ಮಾಹಿತಿಯೆಲ್ಲ ಅಂಗವಿಕಲರಿಗೆ ನಿಲುಕುವಂತಿರಬೇಕು ಎನ್ನುತ್ತದೆ. ಸರ್ಕಾರಿಯೋ ಖಾಸಗಿಯೋ, ಸೇವೆ ಕೊಡುವವರೆಲ್ಲ ನಿಯಮ ಪ್ರಕಟವಾದ ಎರಡು ವರ್ಷದೊಳಗೆ ಅದರಂತೆ ನಡೆಯಬೇಕು ಎಂಬುದು 46ನೇ ಕಲಮು. ನಿಯಮ ಬಂದದ್ದು 2017ರ ಜೂನ್ 15ರಂದು, ಅಂದರೆ ಗಡುವು 2019ರ ಜೂನ್‌ಗೇ ತೀರಿತು. ಮೊದಲ ತಪ್ಪಿಗೆ 10 ಸಾವಿರ ರೂಪಾಯಿವರೆಗೆ, ಮತ್ತೆ ತಪ್ಪಿದರೆ 50 ಸಾವಿರದಿಂದ 5 ಲಕ್ಷದವರೆಗೆ ದಂಡ.

ಇಷ್ಟಿದ್ದೂ ಯಾಕೆ ಜಗ್ಗಲಿಲ್ಲ ಎಂಬುದಕ್ಕೆ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಉತ್ತರ ಕೊಟ್ಟಿತು. ಸ್ವತಃ ಅಂಧರಾದ ರಾಜೀವ್ ರತೂರಿ 2005ರಲ್ಲಿ ಹೂಡಿದ್ದ ದಾವೆ ಅದು. ಕಾಯ್ದೆ ‘ಮಾಡಲೇಬೇಕು’ ಎಂದರೆ ಅದರಡಿಯ 15(1)ನೇ ನಿಯಮ ಬರೀ ಸಲಹೆಯಂಥ ಮಾರ್ಗಸೂಚಿಗಳನ್ನು ಜೋಡಿಸಿಟ್ಟಿತ್ತು. ಆ ನಿಯಮ ಕಾಯ್ದೆಗೇ ವಿರುದ್ಧ ಎಂದ ಕೋರ್ಟು, ಕಡ್ಡಾಯದ ಕನಿಷ್ಠ ನಿಯಮಗಳನ್ನು ಮೂರು ತಿಂಗಳಲ್ಲಿ ರೂಪಿಸುವಂತೆ ಕೇಂದ್ರಕ್ಕೆ ಹೇಳಿತು. 2025ರ ಏಪ್ರಿಲ್ 30ರಂದು ಮತ್ತೊಂದು ತೀರ್ಪು ಬಂತು. ಆಸಿಡ್ ದಾಳಿಗೆ ತುತ್ತಾದ ಪ್ರಜ್ಞಾ ಪ್ರಸೂನ್ ಅವರಿಗೆ ಬ್ಯಾಂಕಿನ ಕೆವೈಸಿ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಲು ಆಗಿರಲಿಲ್ಲ. ದೃಷ್ಟಿಯಿಲ್ಲದ ಅಮರ್ ಜೈನ್ ಅವರ ಅರ್ಜಿಯನ್ನೂ ಅದರೊಂದಿಗೆ ಸೇರಿಸಿ ವಿಚಾರಿಸಿದ ಕೋರ್ಟು, ಡಿಜಿಟಲ್ ಸೇವೆ ಕೈಗೆಟುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೇ ಎಂದು 20 ನಿರ್ದೇಶನಗಳನ್ನು ನೀಡಿತು.

ಬಿಗಿ ಬೇಕು ಎನ್ನುವವರ ವಾದಕ್ಕೆ ನಮ್ಮ ಚಾಮರಾಜನಗರ ಸೀಮೆಯಷ್ಟು ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ಬೆಂಗಳೂರಿನ ಅಂಧ ಯುವಕನಿಗೆ ವೆಬ್‌ಸೈಟು ಕೈಕೊಟ್ಟರೆ ಬಸ್ಸು, ಆಟೊ, ಮೆಟ್ರೊ ಇವೆ. ಮಲೆ ಮಹದೇಶ್ವರ ಬೆಟ್ಟದ ಆಸುಪಾಸಿನ ಹಳ್ಳಿಯಿಂದ ಹನೂರಿಗೋ ಕೊಳ್ಳೇಗಾಲಕ್ಕೋ ಇಳಿಯಬೇಕಾದರೆ ಒಬ್ಬರು ಜೊತೆಗೆ ಬರಬೇಕು, ಆ ಒಬ್ಬರ ಅಂದಿನ ಕೂಲಿ ಹೋಗಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿನವರು ಯಳಂದೂರಿಗೆ ಬಂದು ಹೋಗುವುದೂ ಹೀಗೆಯೇ. ಊರು ದೂರವಾದಷ್ಟೂ ವೆಬ್‌ಸೈಟಿನ ಬೆಲೆ ಹೆಚ್ಚು. ಇದರ ಜೊತೆಗೆ ಇನ್ನೊಂದು ವಿಪರ್ಯಾಸ: 2021ರ ಜೂನ್ 1ರಿಂದ ಅಂಗವಿಕಲತೆಯ ಪ್ರಮಾಣಪತ್ರವನ್ನು ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಪೋರ್ಟಲ್ ಮೂಲಕವೇ ಕೊಡಬೇಕು. ಕಣ್ಣು ಕಾಣದು ಎಂದು ಸಾಬೀತು ಮಾಡಲಿಕ್ಕೂ ಪರದೆಯ ಮುಂದೆಯೇ ಕೂರಬೇಕು.

‘ಗ್ರಾಮ ಒನ್ ಸೇವಾಕೇಂದ್ರ ಇದೆಯಲ್ಲ, ಅವರು ತುಂಬಿಕೊಡುತ್ತಾರೆ’ ಎಂಬ ಮಾತು ಇಲ್ಲಿ ಪದೇ ಪದೇ ಕೇಳುತ್ತದೆ. ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ, ಬಹುಪಾಲು ಅವರೂ ಅಂಗವಿಕಲರೇ, ಅಲ್ಪ ಗೌರವಧನಕ್ಕೆ ದುಡಿಯುವವರು. ಅವರ ಕೆಲಸವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಫೋನಿಗೆ ಬಂದ ಒಟಿಪಿಯನ್ನು, ಖಾತೆಯ ಬಾಕಿಯನ್ನು, ಕಾಯಿಲೆಯ ವಿವರವನ್ನು ಕೌಂಟರಿನ ಮುಂದೆ ಗಟ್ಟಿಯಾಗಿ ಹೇಳಬೇಕಾಗಿ ಬರುವುದನ್ನು ಸೌಲಭ್ಯ ಎನ್ನಲು ನನಗೆ ಬಾಯಿ ಬರುವುದಿಲ್ಲ. ಕಣ್ಣಿದ್ದವರು ತಮ್ಮ ಪಿನ್ ಸಂಖ್ಯೆಯನ್ನು ಅಕ್ಕಪಕ್ಕದವರಿಗೆ ಕಾಣದಂತೆ ಕೈ ಅಡ್ಡ ಹಿಡಿದು ಒತ್ತುತ್ತಾರಲ್ಲವೇ?

ತಂತ್ರಜ್ಞಾನ ಇಲ್ಲ ಎಂಬ ನೆಪವೂ ಉಳಿದಿಲ್ಲ. ಕಂಪ್ಯೂಟರಿನ ಪರದೆ ಓದುವ ಎನ್‌ವಿಡಿಎ ಪುಕ್ಕಟೆ ಸಿಗುತ್ತದೆ, ಇ-ಸ್ಪೀಕ್ ಎಂಬ ಧ್ವನಿ ತಂತ್ರಾಂಶ ಕನ್ನಡ ಓದುತ್ತದೆ, ಆಂಡ್ರಾಯ್ಡ್ ಫೋನಿನಲ್ಲಿ ಗೂಗಲ್‌ನ ಕನ್ನಡ ಧ್ವನಿಯಿದೆ. ಕೇಳುವ ಕಿವಿ ತಯಾರಿದೆ, ಪುಟವೇ ಮಾತಾಡುತ್ತಿಲ್ಲ.

ಇನ್ನು ಆಚೆಯ ಮಾತು. 2024ರ ಏಪ್ರಿಲ್ 26ರ ಲೋಕಸಭಾ ಮತದಾನದ ದಿನ ಹನೂರು ತಾಲ್ಲೂಕಿನ ಇಂಡಿಗನತ್ತದಲ್ಲಿ ಮತಗಟ್ಟೆ ಧ್ವಂಸವಾಯಿತು, ಮತಯಂತ್ರ ಪುಡಿಯಾಯಿತು, 29ರಂದು ಮರುಮತದಾನ ನಡೆಸಬೇಕಾಯಿತು. ಆ ಊರಿನವರು ಮತದಾನ ಬೇಡವೆಂದಿದ್ದುದು ರಸ್ತೆ, ನೀರು, ವಿದ್ಯುತ್ತಿನಂಥ ಮೂಲ ಸೌಕರ್ಯಕ್ಕಾಗಿ. ಅಂಥ ಕಡೆ ‘ಗುಂಡಿಗೆ ಹೆಸರಿಡಿ’ ಎಂದು ಹೋದರೆ ನಗುತ್ತಾರೆ ಎನ್ನುವವರನ್ನು ಸಿನಿಕರೆಂದು ತಳ್ಳಿಹಾಕಲಾಗದು. ಸಿಗ್ನಲ್ಲೇ ಸಿಗದ ಪೋಡಿನಲ್ಲಿ ಪುನರ್ವಸತಿ ಕಾರ್ಯಕರ್ತರು ಮನೆ ಬಾಗಿಲಿಗೆ ಬರುವುದೇ ಸುಗಮತೆ. ಸೋಲಿಗರ ನುಡಿಯಲ್ಲಿ ಓದಿ ಹೇಳುವ ಸ್ಕ್ರೀನ್ ರೀಡರ್ ಕೂಡ ಇಲ್ಲ.

ಎರಡನೆಯ ಆಕ್ಷೇಪ ಸಣ್ಣವರದು. ಕಾಯ್ದೆಯಲ್ಲಿ ಖಾಸಗಿ ಸಂಸ್ಥೆ ಎಂಬ ಮಾತಿನ ಹರವು ದೊಡ್ಡದು. ಕಂಪನಿ, ಪಾಲುದಾರಿಕೆ, ಸಹಕಾರ ಸಂಘ, ಟ್ರಸ್ಟ್ ಎಲ್ಲವೂ ಅದರೊಳಗೆ ಬರುತ್ತವೆ. ನಾಲ್ಕು ಮಗ್ಗದ ಕೊಳ್ಳೇಗಾಲದ ರೇಷ್ಮೆ ಸೀರೆ ಸಂಘವೊಂದು ವೆಬ್‌ಸೈಟ್ ಮಾಡಿಸಿದರೆ ಅದಕ್ಕೂ ದೊಡ್ಡ ಬ್ಯಾಂಕಿಗೂ ಒಂದೇ ಕಲಮು. ಯುರೋಪಿನವರು ಇಲ್ಲಿ ಬೇರೆ ದಾರಿ ಹಿಡಿದಿದ್ದಾರೆ: 2025ರ ಜೂನ್ 28ರಿಂದ ಜಾರಿಗೆ ಬಂದ ಅವರ ಕಾನೂನು, ಸೇವೆ ಕೊಡುವ ಉದ್ಯಮಗಳಲ್ಲಿ ಹತ್ತು ಜನಕ್ಕಿಂತ ಕಡಿಮೆ ದುಡಿಯುವ, 20 ಲಕ್ಷ ಯೂರೊ ಮೀರದ ವಹಿವಾಟಿನವನ್ನು ಹೊರಗಿಟ್ಟಿದೆ. ಅಮೆರಿಕದಲ್ಲಿ ಅಂಥ ಬೇಲಿ ಇಲ್ಲ. ಅಲ್ಲಿ ವರ್ಷಕ್ಕೆ ಸಾವಿರಾರು ವೆಬ್‌ಸೈಟ್ ದಾವೆಗಳು ಬೀಳುತ್ತವೆ, ಸಣ್ಣ ಅಂಗಡಿಗಳು ಹೆದರಿ ‘ಒಂದು ಸಾಲು ಕೋಡ್ ಹಾಕಿ, ಎಲ್ಲ ಸರಿಹೋಗುತ್ತದೆ’ ಎನ್ನುವ ಕಂಪನಿಗಳ ಬಲೆಗೆ ಬೀಳುತ್ತವೆ. ಅಂಥದೇ ಮಾತು ಹೇಳಿ ಮಾರಿದ ಆಕ್ಸೆಸಿಬಿ ಎಂಬ ಕಂಪನಿಗೆ ಅಲ್ಲಿನ ವ್ಯಾಪಾರ ಆಯೋಗ 2025ರಲ್ಲಿ 10 ಲಕ್ಷ ಡಾಲರ್ ಕಟ್ಟಿಸಿತು.

ಮೂರನೆಯದು ನನ್ನನ್ನು ಹೆಚ್ಚು ಕಾಡುವಂಥದ್ದು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಉಚಿತ ಪಾಠದ ವಿಡಿಯೊಗಳಿಗೆ ಸರಿಯಾದ ಅಡಿಬರಹವಿಲ್ಲ ಎಂದು ಅಮೆರಿಕದ ನ್ಯಾಯ ಇಲಾಖೆ 2016ರಲ್ಲಿ ಪತ್ರ ಬರೆಯಿತು. ವಿಶ್ವವಿದ್ಯಾಲಯ 2017ರಲ್ಲಿ 20 ಸಾವಿರಕ್ಕೂ ಹೆಚ್ಚು ಪಾಠಗಳನ್ನು ಸಾರ್ವಜನಿಕರಿಂದ ಹಿಂದಕ್ಕೆ ಎಳೆದುಕೊಂಡಿತು. ಕಿವುಡರಿಗೆ ಪಾಠ ಸಿಗಲಿಲ್ಲ, ಉಳಿದವರಿಗೂ ತಪ್ಪಿತು. ನಮ್ಮಲ್ಲೂ ಇದೇ ಭಯವಿದೆ: ಕನ್ನಡದ ಹಳೆಯ ಪುಸ್ತಕಗಳು ಅಂತರ್ಜಾಲದಲ್ಲಿ ಇರುವುದು ಬಹುಪಾಲು ಚಿತ್ರರೂಪದಲ್ಲಿ. ಐಐಎಸ್‌ಸಿಯ ಎ.ಜಿ. ರಾಮಕೃಷ್ಣನ್ ಅವರ ತಂಡದ ‘ಲಿಪಿ ಜ್ಞಾನಿ’ಯಂಥ ಅಕ್ಷರ ಗುರುತಿಸುವ ತಂತ್ರಾಂಶವೇನೋ ಬಂದಿದೆ. ಆದರೆ ಹಳೆಯ ಅಚ್ಚಿನ ಒಂದೊಂದು ಪುಟವನ್ನೂ ತಿದ್ದಿಯೇ ಏರಿಸಬೇಕೆಂದರೆ ಸ್ವಂತ ಆಸಕ್ತಿಯಿಂದ ಪುಸ್ತಕ ಏರಿಸುವವರು ಕೈಬಿಡುತ್ತಾರೆ.

ಎರಡನ್ನೂ ತೂಗಿದಾಗ ನನಗೆ ತೋರುವುದಿಷ್ಟು. ವೆಬ್‌ಸೈಟು ದೊಡ್ಡದೋ ಚಿಕ್ಕದೋ ಎನ್ನುವುದಕ್ಕಿಂತ ಅದು ಬಿಟ್ಟರೆ ಬೇರೆ ಬಾಗಿಲು ಇದೆಯೇ ಎಂಬುದನ್ನು ಮೊದಲು ಕೇಳಬೇಕು. ಸೀರೆ ಇನ್ನೊಂದು ಅಂಗಡಿಯಲ್ಲೂ ಸಿಗುತ್ತದೆ. ಯುಡಿಐಡಿ, ಪಿಂಚಣಿ, ಪಹಣಿ, ಬ್ಯಾಂಕ್ ಕೆವೈಸಿ ಇನ್ನೊಂದು ಕಡೆ ಸಿಗುವುದಿಲ್ಲ. ಅಲ್ಲಿ ರಿಯಾಯಿತಿಯ ಮಾತೇ ಬೇಡ, ಗಡುವು ಮುಗಿದು ಎಷ್ಟು ವರ್ಷವಾಯಿತೆಂದು ಲೆಕ್ಕ ಕೇಳಬೇಕು. ಸಣ್ಣ ವ್ಯಾಪಾರಿಗೆ, ಪುಸ್ತಕ ಏರಿಸುವವರಿಗೆ ಸಮಯ ಕೊಡಬಹುದು. ರಸ್ತೆಯಿಲ್ಲದ ಊರಿನ ಕಷ್ಟವನ್ನು ವೆಬ್‌ಸೈಟಿನ ಕಷ್ಟಕ್ಕೆ ಎದುರಾಗಿ ನಿಲ್ಲಿಸುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ರಸ್ತೆಯ ಹಣವನ್ನು ಕ್ಯಾಪ್ಚಾ ಸರಿಪಡಿಸುವುದು ನುಂಗುವುದಿಲ್ಲ.

ಆದರೆ ದಂಡ ಯಾರ ಮೇಲೆ ಬೀಳಬೇಕು ಎಂಬಲ್ಲಿ ನಾನೂ ತಡವರಿಸುತ್ತೇನೆ. ಚಾಮರಾಜನಗರ ಜಿಲ್ಲೆಯ ವೆಬ್‌ಸೈಟು ನಿಂತಿರುವುದು ಕೇಂದ್ರ ಸರ್ಕಾರದ ಎನ್‌ಐಸಿ ಸಂಸ್ಥೆಯ ಎಸ್‌3ವಾಸ್ ಎಂಬ ವೆಬ್ ಚೌಕಟ್ಟಿನ ಮೇಲೆ. ಆ ಚೌಕಟ್ಟನ್ನು ಒಮ್ಮೆ ತಿದ್ದಿದರೆ ನೂರಾರು ಜಿಲ್ಲೆಗಳ ತಾಣ ಒಟ್ಟಿಗೆ ಸರಿಹೋಗುತ್ತದೆ, ಅಲ್ಲಿ ಹೊಣೆ ಯಾರದೆಂಬುದೂ ಸ್ಪಷ್ಟ. ಚೌಕಟ್ಟಿನೊಳಗೆ ದಿನವೂ ಬಂದು ಬೀಳುವ ಪಿಡಿಎಫ್‌ನ ಕಥೆ ಬೇರೆ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿದ ಆದೇಶ ಕಣ್ಣಿಗೆ ಅಚ್ಚ ಕನ್ನಡ. ಅದರೊಳಗಿನ ಸಂಕೇತಗಳು ಇಂಗ್ಲಿಷ್ ಅಕ್ಷರಗಳವು, ಸ್ಕ್ರೀನ್ ರೀಡರ್ ಅದನ್ನು ಗೊಣಗೊಣ ಎಂದು ಅರ್ಥವಿಲ್ಲದೆ ಓದುತ್ತದೆ. ನುಡಿಯಲ್ಲೇ ಯೂನಿಕೋಡ್ ಆಯ್ಕೆಯೂ ಇದೆ, ಅದನ್ನು ಒತ್ತಬೇಕೆಂದು ತಾಲ್ಲೂಕು ಕಚೇರಿಯ ಗುಮಾಸ್ತರಿಗೆ ಯಾರಾದರೂ ಹೇಳಿಕೊಟ್ಟಿರಬೇಕು. ಹೇಳಿಕೊಡದೆ ದಂಡ ಹಾಕಿದರೆ 10 ಸಾವಿರ ರೂಪಾಯಿ ಸರ್ಕಾರದ ಒಂದು ಜೇಬಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಮರುದಿನದ ಸುತ್ತೋಲೆಗೆ ಮೊಹರು ಬೇಕೆಂದು ಅದನ್ನು ಮತ್ತೆ ಸ್ಕ್ಯಾನ್ ಮಾಡಿಯೇ ಏರಿಸುತ್ತಾರೆ.