ಉಲ್ಲೇಖಗಳ ಎಣಿಕೆಯೂ ವಿದ್ವತ್ತಿನ ಲಕ್ಷಣವೂ

ಲಕ್ಷಣವನ್ನು ಹೇಳಹೊರಟವನು ಮೂರು ದೋಷಗಳನ್ನು ಪರಿಹರಿಸಿಕೊಳ್ಳಬೇಕೆಂಬುದು ತರ್ಕಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಕಪಿಲವರ್ಣವೇ ಗೋವಿನ ಲಕ್ಷಣವೆಂದವನು ಬಿಳಿಯ ಹಸುವನ್ನು ಹಟ್ಟಿಯಿಂದ ಹೊರಗಟ್ಟಿದಂತಾಯಿತು, ಅದು ಅವ್ಯಾಪ್ತಿ. ಕೊಂಬುಳ್ಳದ್ದೆಲ್ಲವೂ ಗೋವೆಂದವನು ಎಮ್ಮೆಯನ್ನೂ ಆಡನ್ನೂ ಅದೇ ಹಟ್ಟಿಗೆ ಸೇರಿಸಿದಂತಾಯಿತು, ಅದು ಅತಿವ್ಯಾಪ್ತಿ. ಒಂಟಿ ಗೊರಸುಳ್ಳದ್ದು ಗೋವೆಂದವನ ಹಟ್ಟಿಯಲ್ಲಿ ಒಂದು ಹಸುವೂ ಉಳಿಯದು, ಅದು ಅಸಂಭವ. ಎಳೆಯ ವಿದ್ಯಾರ್ಥಿಗಳೂ ಬಲ್ಲ ಈ ವಿವೇಕವನ್ನು ಇಂದಿನ ಆಯ್ಕೆ ಮಂಡಲಿಗಳು ವಿಜ್ಞಾನಿಗಳ ಯೋಗ್ಯತೆಯನ್ನು ನಿರ್ಣಯಿಸುವಾಗ ಮರೆತಿರುವುದು ಶೋಚನೀಯವಾದ ಸಂಗತಿ.

ವಿಷಯವಿಷ್ಟು. ವಿಜ್ಞಾನಿಯು ತನ್ನ ಶೋಧನೆಯನ್ನು ಪ್ರಬಂಧರೂಪದಿಂದ ಪ್ರಕಟಿಸುತ್ತಾನೆ. ಮುಂದೆ ಬರೆಯುವವರು ಅದನ್ನು ಬಳಸಿಕೊಂಡಾಗ ತಮ್ಮ ಪ್ರಬಂಧದ ಕೊನೆಯಲ್ಲಿ ಅದರ ಹೆಸರನ್ನು ಹೇಳುತ್ತಾರೆ. ಹೀಗೆ ಹೇಳುವುದೇ ಉಲ್ಲೇಖ. ಈ ಉಲ್ಲೇಖಗಳನ್ನೆಲ್ಲ ಒಂದೆಡೆ ಕಲೆಹಾಕಬೇಕೆಂದು ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಅವರು 1955ರಲ್ಲಿ ಸೂಚಿಸಿ, 1964ರಲ್ಲಿ ಅದನ್ನು ಕಾರ್ಯಗತಗೊಳಿಸಿದರು. ಸೂತ್ರಕ್ಕೆ ಯಾರು ಭಾಷ್ಯ ಬರೆದರು, ಭಾಷ್ಯಕ್ಕೆ ಯಾರು ಟೀಕೆ ಬರೆದರು ಎಂದು ಪರಂಪರೆಯನ್ನು ಹಿಡಿದು ಹೋಗುವಂತೆ, ಒಂದು ವಿಚಾರದ ಸಂತತಿಯನ್ನು ಗ್ರಂಥಾಲಯದಲ್ಲಿ ಹುಡುಕುವವನಿಗೆ ದಾರಿ ತೋರಿಸುವುದು ಅದರ ಪ್ರಯೋಜನವಾಗಿತ್ತು. ಇದರಲ್ಲಿ ಆಕ್ಷೇಪಿಸತಕ್ಕದ್ದು ಏನೂ ಇಲ್ಲ. ಆದರೆ ದಾರಿ ತೋರಿಸುವ ಕೈಮರವನ್ನು ಕಿತ್ತು ತಂದು ಅಳತೆಗೋಲನ್ನಾಗಿ ಮಾಡಿಕೊಂಡರು. 2005ರಲ್ಲಿ ಜಾರ್ಜ್ ಹಿರ್ಷ್ ಎಂಬ ಭೌತವಿಜ್ಞಾನಿಗಳು ಎಚ್-ಸೂಚ್ಯಂಕವೆಂಬುದನ್ನು ಸೂಚಿಸಿದರು. ತಲಾ ಇಪ್ಪತ್ತು ಉಲ್ಲೇಖಗಳಿಗೆ ಕಡಿಮೆಯಿಲ್ಲದ ಇಪ್ಪತ್ತು ಪ್ರಬಂಧಗಳಿದ್ದವನಿಗೆ ಇಪ್ಪತ್ತು, ಅಂತಹವು ನಲವತ್ತಿದ್ದವನಿಗೆ ತಲಾ ನಲವತ್ತರಂತೆ ನಲವತ್ತು. ಒಬ್ಬ ಮನುಷ್ಯನ ಬಾಳಿನ ಚಿಂತನೆಯೆಲ್ಲವೂ ಒಂದು ಅಂಕಿಯಲ್ಲಿ ಅಡಗಿಹೋಯಿತು!

ಈ ಪದ್ಧತಿಯ ಪಕ್ಷವನ್ನು ವಹಿಸುವವರ ಮಾತನ್ನು ಮೊದಲು ಆಲಿಸುವುದು ನ್ಯಾಯ. ಅವರು ಹೇಳುವುದೇನೆಂದರೆ: ಎಲ್ಲ ಶಾಸ್ತ್ರಗಳನ್ನೂ ಬಲ್ಲ ಪರೀಕ್ಷಕರು ಎಲ್ಲಿಯೂ ಇಲ್ಲ, ಮನುಷ್ಯರ ಅಭಿಪ್ರಾಯದಲ್ಲಿ ಪಕ್ಷಪಾತವಿದೆ, ಜಾತಿಯಿದೆ, ಬಂಧುತ್ವವಿದೆ, ಗುರುಶಿಷ್ಯಭಾವವಿದೆ, ಅಂಕಿಗಾದರೋ ಬಂಧುಗಳಿಲ್ಲ, ಆದುದರಿಂದ ಆಶ್ರಯವಿಲ್ಲದ ಬಡ ವಿದ್ಯಾರ್ಥಿಗೆ ಅಂಕಿಯೇ ರಕ್ಷೆ. ಈ ಮಾತಿನಲ್ಲಿ ಸತ್ಯಾಂಶವಿಲ್ಲವೆಂದು ಹೇಳಲಾಗದು. ಆದರೆ ಪರೀಕ್ಷಕನು ಪಕ್ಷಪಾತಿಯೆಂಬ ಕಾರಣದಿಂದ ಅಳತೆಗೋಲು ಸರಿಯಾದುದೆಂದು ಸಿದ್ಧವಾಗುವುದಿಲ್ಲ. ಆ ಕೋಲನ್ನು ಪ್ರತ್ಯೇಕವಾಗಿಯೇ ಪರೀಕ್ಷಿಸತಕ್ಕದ್ದು.

ಮೊದಲನೆಯದಾಗಿ ಅತಿವ್ಯಾಪ್ತಿ. 2014ರಲ್ಲಿ ನೇಚರ್ ಪತ್ರಿಕೆಯು ಅತ್ಯಧಿಕವಾಗಿ ಉಲ್ಲೇಖಿಸಲ್ಪಟ್ಟ ನೂರು ಪ್ರಬಂಧಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಅದರಲ್ಲಿ ಪ್ರಥಮಸ್ಥಾನವನ್ನು ಪಡೆದುದು ಆಲಿವರ್ ಲೌರಿ ಮತ್ತು ಅವರ ಸಹೋದ್ಯೋಗಿಗಳು 1951ರಲ್ಲಿ ಬರೆದ ಪ್ರಬಂಧ. ಆ ಹೊತ್ತಿಗೆ ಅದಕ್ಕೆ ಬಂದಿದ್ದ ಉಲ್ಲೇಖಗಳು 3,05,000ಕ್ಕೂ ಅಧಿಕ. ಅದರಲ್ಲಿರುವುದಾದರೂ ಏನು? ಒಂದು ದ್ರಾವಣದಲ್ಲಿ ಎಷ್ಟು ಪ್ರೋಟೀನ್ ಇದೆಯೆಂಬುದನ್ನು ಬಣ್ಣದ ಗಾಢತೆಯಿಂದ ಅಳೆಯುವ ವಿಧಾನ. ಪ್ರಯೋಗಶಾಲೆಯಲ್ಲಿ ದಿನನಿತ್ಯವೂ ಬೇಕಾಗುವ ಉಪಯುಕ್ತವಾದ ವಿಧಾನವೇ ಸರಿ. ಆದರೆ ಅದು ದೊಡ್ಡ ಪ್ರಬಂಧವೇನೂ ಅಲ್ಲವೆಂದು ಲೌರಿಯವರೇ ಒಪ್ಪಿಕೊಂಡಿದ್ದರು. ಇತ್ತ ಜೀವದ ಆನುವಂಶಿಕ ರಹಸ್ಯಕ್ಕೆ ಬೀಗದ ಕೈಯಾದ ಡಿಎನ್ಎಯ ಜೋಡಿ ಸುರುಳಿಯನ್ನು ಲೋಕಕ್ಕೆ ತಿಳಿಸಿದ ವಾಟ್ಸನ್ ಮತ್ತು ಕ್ರಿಕ್ ಅವರ 1953ರ ಪ್ರಬಂಧಕ್ಕೆ ಆ ನೂರರೊಳಗೆ ಸ್ಥಾನವೇ ದೊರೆಯಲಿಲ್ಲ. ಅದು ಎಲ್ಲರಿಗೂ ತಿಳಿದ ಮಾತಾಯಿತು. ಎಲ್ಲರೂ ಬಲ್ಲದ್ದನ್ನು ಯಾರೂ ಹೆಸರಿಸುವುದಿಲ್ಲ. ಅಡಿಗೆಮನೆಯಲ್ಲಿ ಸಟ್ಟುಗದ ಹೆಸರು ದಿನಕ್ಕೆ ನೂರು ಬಾರಿ ಬರುವುದು, ಬೆಂಕಿಯನ್ನು ಕಂಡುಹಿಡಿದವನ ಹೆಸರು ಒಮ್ಮೆಯೂ ಬಾರದು. ಹಾಗೆಂದು ಸಟ್ಟುಗವು ಬೆಂಕಿಗಿಂತ ಹಿರಿದೆ?

ಎರಡನೆಯದು ಅವ್ಯಾಪ್ತಿ. ಇದಕ್ಕೆ ಆಣ್ವಿಕ ಜೀವವಿಜ್ಞಾನದ ಮಹಾಪುರುಷರಾದ ಫ್ರೆಡರಿಕ್ ಸ್ಯಾಂಗರ್ ಅವರ ಬಾಳೇ ದೃಷ್ಟಾಂತ. 1918ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಅವರು ಕೇಂಬ್ರಿಜ್ಜಿನಲ್ಲಿ ಇನ್ಸುಲಿನ್ ಎಂಬ ಪ್ರೋಟೀನಿನ 51 ಅಮೈನೋ ಆಮ್ಲಗಳು ಯಾವ ಅನುಕ್ರಮದಲ್ಲಿ ಪೋಣಿಸಲ್ಪಟ್ಟಿವೆಯೆಂಬುದನ್ನು ಹಲವು ವರ್ಷಗಳ ಪರಿಶ್ರಮದಿಂದ ಬಿಡಿಸಿದರು. 1958ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಪಡೆದರು. ಆಮೇಲೆ ಅವರು ಅದೇ ಕೀರ್ತಿಯನ್ನು ಕರೆದು ಕುಡಿಯುತ್ತ ಕುಳಿತುಕೊಳ್ಳಲಿಲ್ಲ. ಮೊದಲು ಆರ್ಎನ್ಎಯ, ಬಳಿಕ ಡಿಎನ್ಎಯ ಅಕ್ಷರಗಳನ್ನು ಓದುವ ಬಗೆಯನ್ನು ಹುಡುಕಹೊರಟರು. 1977ರಲ್ಲಿ 5,000ಕ್ಕೂ ಮಿಕ್ಕ ಅಕ್ಷರಗಳುಳ್ಳ ಫೈ-ಎಕ್ಸ್-174 ಎಂಬ ವೈರಸ್ಸಿನ ಸಂಪೂರ್ಣ ಡಿಎನ್ಎಯನ್ನು ಓದಿದರು. ಅದೇ ವರ್ಷ ಇನ್ನೂ ಉತ್ತಮವಾದ ಓದುವ ವಿಧಾನವನ್ನು ಪ್ರಕಟಿಸಿದರು. 1980ರಲ್ಲಿ ಎರಡನೆಯ ನೊಬೆಲ್ ಬಂದಿತು. 2003ರಲ್ಲಿ ಮುಗಿದ ಮಾನವ ಜೀನೋಮ್ ಯೋಜನೆಯು ನಿಂತದ್ದು ಆ ವಿಧಾನವನ್ನೇ ತಿದ್ದಿ ಬೆಳೆಸಿದ ಯಂತ್ರಗಳ ಮೇಲೆ.

ಸ್ಯಾಂಗರ್ ಅವರು 2013ರಲ್ಲಿ ನಿಧನರಾದ ಬಳಿಕ, ಅದೇ ಪ್ರಯೋಗಶಾಲೆಯಲ್ಲಿ ದುಡಿದಿದ್ದ, ತಾವೂ ನೊಬೆಲ್ ಪುರಸ್ಕೃತರಾಗಿದ್ದ ಸಿಡ್ನಿ ಬ್ರೆನ್ನರ್ ಅವರು 2014ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದ ಮಾತು ಪ್ರತಿಯೊಂದು ಆಯ್ಕೆ ಮಂಡಲಿಯ ಗೋಡೆಯ ಮೇಲೂ ಇರತಕ್ಕದ್ದು. ಅದರ ತಾತ್ಪರ್ಯವಿದು: 1952ರ ಇನ್ಸುಲಿನ್ ಕಾರ್ಯಕ್ಕೂ 1967ರ ಆರ್ಎನ್ಎ ಪ್ರಬಂಧಕ್ಕೂ ನಡುವೆ, ಮತ್ತೆ ಅಲ್ಲಿಂದ 1977ರ ಡಿಎನ್ಎ ಪ್ರಬಂಧದವರೆಗೆ, ಸ್ಯಾಂಗರ್ ಅವರು ಪ್ರಕಟಿಸಿದ ಮಹತ್ತ್ವದ ಕೃತಿಗಳು ಅತ್ಯಲ್ಪ; ಇಂದಿನ ಕಾಲದಲ್ಲಾಗಿದ್ದರೆ ಯಾವುದಾದರೊಂದು ಸಮಿತಿಯು ಅವರನ್ನು ಫಲವಿಲ್ಲದವರೆಂದು ಗುರುತಿಸಿ ಸಹಾಯವನ್ನು ನಿಲ್ಲಿಸಿಬಿಡುತ್ತಿತ್ತು. ಹದಿನೈದು ವರ್ಷ, ಮತ್ತೆ ಹತ್ತು ವರ್ಷ! ಅಂಕಿಯ ಕಣ್ಣಿಗೆ ಅದು ಬಂಜರು. ನೆಲವನ್ನು ಬಲ್ಲವನಿಗೆ ಅದು ಉತ್ತು ಬಿತ್ತಿದ ಹೊಲ. ಮೊದಲನೆಯ ನೊಬೆಲ್ ಅವರನ್ನು ಕಾಪಾಡುತ್ತಿತ್ತೆಂದು ಯಾರಾದರೂ ಹೇಳಿಯಾರು. ಆಗಲಿ, ಆದರೆ ನೊಬೆಲ್ ಇಲ್ಲದೆಯೇ ಅಷ್ಟು ದೀರ್ಘವಾದ ಪ್ರಶ್ನೆಯನ್ನು ಕೈಗೆತ್ತಿಕೊಂಡ ಮೂವತ್ತರ ಹರೆಯದ ಸಂಶೋಧಕನನ್ನು ಕಾಪಾಡುವವರಾರು?

ಅಂಕಿಯ ಪಕ್ಷದವರು ಇಲ್ಲಿ ಇನ್ನೊಂದು ಮಾತನ್ನು ಎತ್ತಬಹುದು: ಸ್ಯಾಂಗರ್ ಅವರ 1977ರ ವಿಧಾನದ ಪ್ರಬಂಧವು ಅದೇ ನೂರರ ಪಟ್ಟಿಯಲ್ಲಿ ನಾಲ್ಕನೆಯದಾಗಿದೆಯಲ್ಲವೆ, ಅಂಕಿಯು ಕೊನೆಗೂ ಅವರನ್ನು ಗುರುತಿಸಿತಲ್ಲವೆ ಎಂದು. ಅಹುದು, ಗುರುತಿಸಿತು; ಆದರೆ ಯಾವಾಗ? ಲೋಕವೆಲ್ಲ ಗುರುತಿಸಿದ ಮೇಲೆ. ಸಹಾಯವು ಬೇಕಾಗಿದ್ದುದು ಅದಕ್ಕೂ ಮೊದಲು. ಫಸಲು ಕಣಕ್ಕೆ ಬಂದ ಮೇಲೆ ಅಳೆಯುವ ಕೊಳಗವು ಬಿತ್ತನೆಯ ದಿನ ಏನನ್ನು ತಾನೆ ಹೇಳೀತು? ಗ್ರೆಗರ್ ಮೆಂಡೆಲ್ ಅವರು ಬಟಾಣಿ ಗಿಡಗಳಿಂದ ಕಂಡುಕೊಂಡ ಆನುವಂಶಿಕತೆಯ ನಿಯಮಗಳು 1866ರಲ್ಲಿ ಅಚ್ಚಾದವು; ಅವರು 1884ರಲ್ಲಿ ತೀರಿಕೊಂಡರು; ಲೋಕವು ಆ ನಿಯಮಗಳ ಬೆಲೆಯನ್ನು ಅರಿತುದು 1900ರಲ್ಲಿ. ಎಚ್-ಸೂಚ್ಯಂಕವು ಪ್ರಬಂಧಗಳ ಸಂಖ್ಯೆಯನ್ನು ಎಂದಿಗೂ ಮೀರಲಾರದಾದುದರಿಂದ, ಮೂರೇ ಪ್ರಬಂಧಗಳನ್ನು ಬರೆದವನು ಲೋಕವನ್ನೇ ತಿರುಗಿಸಿದರೂ ಅವನ ಅಂಕಿ ಮೂರಕ್ಕೆ ನಿಲ್ಲುವುದು.

ಮೂರನೆಯದು ಅಸಂಭವಕ್ಕೆ ಸಮೀಪದ ದೋಷ. ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬುದೊಂದುಂಟು. ಒಂದು ಪತ್ರಿಕೆಯು ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಲೇಖನಗಳಿಗೆ ಒಂದು ವರ್ಷದಲ್ಲಿ ಬಂದ ಉಲ್ಲೇಖಗಳ ಸರಾಸರಿಯೇ ಅದು. ಅದು ಪತ್ರಿಕೆಯ ಧರ್ಮ, ಲೇಖನದ ಧರ್ಮವಲ್ಲ. ತನ್ನ 2004ರ ಅಂಕಿಯಲ್ಲಿ ನೂರಕ್ಕೆ 89 ಪಾಲು ಬಂದುದು ಕೇವಲ ನೂರಕ್ಕೆ 25ರಷ್ಟು ಲೇಖನಗಳಿಂದ ಎಂದು ನೇಚರ್ ಪತ್ರಿಕೆಯೇ 2005ರಲ್ಲಿ ಒಪ್ಪಿಕೊಂಡಿತು. ಎಂದರೆ ಮಿಕ್ಕ ಮುಕ್ಕಾಲು ಪಾಲು ಲೇಖನಗಳು ನೆರೆಮನೆಯವರ ಒಡವೆಯನ್ನು ತೊಟ್ಟುಕೊಂಡು ಮೆರವಣಿಗೆಗೆ ಹೊರಟವು. ಹೀಗಿದ್ದರೂ ಭಾರತದ ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿಯಲ್ಲಿ, ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ಏರಿದಂತೆಲ್ಲ ಅಧ್ಯಾಪಕನ ಪ್ರಬಂಧಕ್ಕೆ ಅಂಕಗಳೂ ಏರುವಂತೆ ಪಟ್ಟಿಯನ್ನು ಮಾಡಿದರು. ಈ ರೂಢಿಯನ್ನು ಬಿಡಬೇಕೆಂದು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೂಡಿದ ಜೀವವಿಜ್ಞಾನ ಪತ್ರಿಕೆಗಳ ಸಂಪಾದಕರು ಸಾರಿ ಆರು ವರ್ಷಗಳಾದ ಮೇಲೆ ಹೀಗಾದುದು!

ತಪ್ಪು ಲಕ್ಷಣವು ತರ್ಕದ ದೋಷವಾಗಿಯೇ ಉಳಿದಿದ್ದರೆ ಇಷ್ಟು ಹೇಳಬೇಕಾದುದಿರಲಿಲ್ಲ. ಅದು ನಡತೆಯನ್ನೂ ಕೆಡಿಸುತ್ತದೆ. ಕೊಂಬಿಗೆ ಬೆಲೆ ಕಟ್ಟಿದರೆ ಸಂತೆಗೆ ಬರುವುದು ಕೊಂಬೇ ಹೊರತು ಹಾಲಲ್ಲ. ಒಂದು ಶೋಧನೆಯನ್ನು ನಾಲ್ಕು ತುಂಡು ಮಾಡಿ ನಾಲ್ಕು ಪ್ರಬಂಧಗಳಾಗಿಸುವವರು, ನೀನು ನನ್ನನ್ನು ಉಲ್ಲೇಖಿಸು ನಾನು ನಿನ್ನನ್ನು ಉಲ್ಲೇಖಿಸುವೆನೆಂದು ಒಪ್ಪಂದ ಮಾಡಿಕೊಳ್ಳುವವರು, ಹಣ ಕೊಟ್ಟು ಪ್ರಬಂಧವನ್ನೇ ಕೊಳ್ಳುವವರು ಹುಟ್ಟಿಕೊಂಡಿದ್ದಾರೆ. ಹಿಂದಾವಿ ಎಂಬ ಒಂದೇ ಪ್ರಕಾಶನದ ಪತ್ರಿಕೆಗಳು 2023ರಲ್ಲಿ ಹಿಂತೆಗೆದುಕೊಂಡ ಪ್ರಬಂಧಗಳು 8,000ಕ್ಕೂ ಹೆಚ್ಚು. ಅಂಕಿಗೆ ಬಂಧುಗಳಿಲ್ಲವೆಂದವರು ಇದನ್ನು ಗಮನಿಸಲಿ: ಅಂಕಿಗೆ ಬಂಧುಗಳಿಲ್ಲದಿದ್ದರೂ ವರ್ತಕರಿದ್ದಾರೆ. ಬಡ ವಿದ್ಯಾರ್ಥಿಯ ರಕ್ಷೆಯೆಂದು ಕಟ್ಟಿದ ತಾಯಿತವು ಹಣವಂತನ ಕೊರಳನ್ನು ಸೇರಿತು.

ಹಾಗಾದರೆ ಮಾಡತಕ್ಕದ್ದೇನು? ಪೂರ್ವಪಕ್ಷದವರು ಹೇಳಿದ ಪಕ್ಷಪಾತದ ಭಯವು ನಿಜವಾದುದು. ಅದಕ್ಕೆ ಪರಿಹಾರವು ಪರೀಕ್ಷಕರನ್ನು ಕಿತ್ತೊಗೆಯುವುದಲ್ಲ, ಅವರನ್ನು ಉತ್ತರವಾದಿಗಳನ್ನಾಗಿ ಮಾಡುವುದು. ಅಭ್ಯರ್ಥಿಯು ತನ್ನ ಪ್ರಬಂಧಗಳಲ್ಲಿ ಶ್ರೇಷ್ಠವೆಂದು ಎಣಿಸಿದ ಮೂರು ನಾಲ್ಕನ್ನು ಮಾತ್ರ ಸಲ್ಲಿಸಲಿ. ಆ ಶಾಸ್ತ್ರವನ್ನು ಬಲ್ಲವರು, ಅವನ ಊರಿಗೂ ಗುರುವಿಗೂ ಸಂಬಂಧಪಡದವರು, ಅವನ್ನು ಆಮೂಲಾಗ್ರವಾಗಿ ಓದಲಿ. ಓದಿ, ಇದರಲ್ಲಿ ಹೊಸತೇನು, ನಿಜವೇನು, ಕೊರತೆಯೇನು ಎಂದು ಕಾರಣಸಹಿತವಾಗಿ ಬರೆದು ತಮ್ಮ ಹೆಸರನ್ನು ಹಾಕಲಿ. ಉಲ್ಲೇಖಗಳ ಎಣಿಕೆಯು ಓದುವವನ ಕೈಯಲ್ಲಿ ಕೈಮರವಾಗಿಯೇ ಇರಲಿ. ಇದಕ್ಕೆ ಹೊತ್ತು ಹಿಡಿಯುವುದು, ಶ್ರಮವಾಗುವುದು, ಅನುಮಾನವಿಲ್ಲ. ಆದರೆ ಇಪ್ಪತ್ತು ವರ್ಷ ದುಡಿದವನ ಬರಹವನ್ನು ಎರಡು ದಿನ ಕುಳಿತು ಓದಲಾರದವನಿಗೆ ಅವನ ಬಾಳನ್ನು ನಿರ್ಣಯಿಸುವ ಅಧಿಕಾರವೆಲ್ಲಿಂದ ಬಂದಿತು?

ಸ್ಯಾಂಗರ್ ಅವರು 1983ರಲ್ಲಿ ನಿವೃತ್ತರಾಗಿ ತಮ್ಮ ತೋಟದ ಕೆಲಸದಲ್ಲಿ ಕಾಲ ಕಳೆದರು. ತೋಟಗಾರನು ಬೀಜ ನೆಟ್ಟ ಮರುದಿನವೇ ಮಣ್ಣನ್ನು ಕೆದಕಿ ಬೇರನ್ನು ಎಣಿಸುವುದಿಲ್ಲ. ಇಷ್ಟು ವಿವೇಕವು ವಿದ್ಯಾಸಂಸ್ಥೆಗಳಿಗೂ ಬಂದರೆ, ಇಂದು ಎಲ್ಲಿಯೋ ಮೌನವಾಗಿ ದುಡಿಯುತ್ತಿರುವ ಸಂಶೋಧಕನ ಹದಿನೈದು ವರ್ಷಗಳು ಉಳಿದಾವು.