ಗಾಳಕ್ಕೂ ಕಾನೂನಿದೆ, ಅದು ತಿಳಿಯುವ ಕನ್ನಡದಲ್ಲಿರಲಿ!

ಕನ್ನಡದ ಯುವಕರೇ, ರಜೆಗೆ ಊರಿಗೆ ಹೋದಾಗ ಗಾಳ ಹಾಕುತ್ತೀರಿ. ಇಂಡಿ, ಸಿಂದಗಿ ಕಡೆ ಭೀಮೆ. ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಕೃಷ್ಣೆ. ತುದಿಗೆ ಎರೆಹುಳವಿರಲಿ, ಪ್ಲಾಸ್ಟಿಕ್ಕಿನ ಹುಸಿಮೀನಿರಲಿ, ಕಾನೂನು ಕೇಳಿಕೊಂಡೇ ನೀರಿಗಿಳಿಯಿರಿ.

ಸಿಡಿಮದ್ದು, ವಿಷ ಹಾಕಿ ಮೀನು ಕೊಲ್ಲುವುದು 1897ರ ಕಾಯ್ದೆಯಿಂದಲೇ ಅಪರಾಧ. ನಮ್ಮ ರಾಜ್ಯದ ಒಳನಾಡು ಮೀನುಗಾರಿಕೆ ಕಾಯ್ದೆ 1996ರದು. ಮಳೆಗಾಲದಲ್ಲಿ ಕಾಟ್ಲಾ, ರೋಹು ಲಕ್ಷಗಟ್ಟಲೆ ಮೊಟ್ಟೆ ಇಡುತ್ತವೆ. ಆಗ ತಾಯಿಮೀನು ಹಿಡಿದರೆ ನಾಳಿನ ಬುತ್ತಿಯನ್ನೇ ಉಂಡಂತೆ.

ಪಿಯುಸಿ ಓದಿ ಪ್ರೆಸ್ ನಡೆಸುವ ನನಗೇ ಕಾಯ್ದೆಯ ಕನ್ನಡ ಎರಡು ಸಲ ಓದಬೇಕು. ಅಂಬಿಗನ ಗತಿಯೇನು? ಯಾವ ಗಾಳ, ಯಾವ ಬಲೆ, ಯಾವ ತಿಂಗಳು, ಎಷ್ಟು ಶುಲ್ಕ: ನಾಲ್ಕೇ ಸಾಲು, ಆಡುಮಾತಿನಲ್ಲಿ, ದಂಡೆಯ ಹಲಗೆಯ ಮೇಲೆ ಬರಲಿ. ಮೀನುಗಾರಿಕೆ ಇಲಾಖೆಗೆ ಇಂದೇ ಅರ್ಜಿ ಬರೆಯಿರಿ. ತಿಳಿಯದ ಕಾನೂನಿಗೆ ದಂಡ ಕಟ್ಟುವವನು ಬಡವನೇ!