ಹೊಳೆ ಬಂದಾಗ ಗಂಜಿ, ಹೊಳೆ ಬತ್ತಿದಾಗ ಮಹದಾಯಿ!

ನಮ್ಮ ಮಲಪ್ರಭಾ ಹೊಳೆ ಪೇಪರಿನ ಮುಖಪುಟಕ್ಕೆ ಬರೋದು ಎರಡೇ ಸಂದರ್ಭದಲ್ಲಿ. ಒಂದು, ಪೂರ್ತಿ ಬತ್ತಿ ಹೋದಾಗ. ಇನ್ನೊಂದು, ಊರೊಳಗೆ ನುಗ್ಗಿದಾಗ. ಬತ್ತಿದ ವರ್ಷ ಎಲ್ಲ ಪಕ್ಷದವರೂ ಪಶ್ಚಿಮಕ್ಕೆ ತಿರುಗಿ "ಮಹದಾಯಿ ನೀರು ನಮ್ಮ ಹಕ್ಕು" ಅಂತ ಘೋಷಣೆ ಕೂಗುತ್ತಾರೆ. ನುಗ್ಗಿದ ವರ್ಷ ಅದೇ ಮಂದಿ ಹೆಲಿಕಾಪ್ಟರಿನಲ್ಲಿ ಕುಳಿತು ಕೆಳಗೆ ನೋಡಿ "ಪ್ರಕೃತಿ ವಿಕೋಪ" ಅಂತ ನಿಟ್ಟುಸಿರು ಬಿಡುತ್ತಾರೆ. ಎರಡರ ನಡುವೆ ಹೊಳೆ ಅನ್ನೋದು ಒಂದು ಇದೆ ಅಂತಲೇ ಯಾರಿಗೂ ನೆನಪಿರುವುದಿಲ್ಲ.

ಟೀವಿಯವರ ವಿಷಯ ಕೇಳಲೇಬೇಡಿ. ಸೊಂಟದ ಮಟ್ಟ ನೀರಿನಲ್ಲಿ ನಿಂತು ವರದಿ ಮಾಡುವ ಉತ್ಸಾಹ ನೀರು ಇಳಿದ ಮರುದಿನ ಎಲ್ಲಿ ಮಾಯವಾಗುತ್ತದೋ ದೇವರಿಗೇ ಗೊತ್ತು.

ರೋಣ ತಾಲ್ಲೂಕಿನ ಹೊಳೆದಂಡೆಯ ಊರುಗಳ ಹೆಸರು ನೋಡಿ. ಹೊಳೆಮಣ್ಣೂರ, ಹೊಳೆಆಲೂರ, ಹೊಳೆಹಡಗಲಿ... ಹೆಸರಿನಲ್ಲೇ ಹೊಳೆ ಇಟ್ಟುಕೊಂಡು ಬದುಕಿದ ಊರುಗಳಿವು. ಹೊಳೆ ಇವರಿಗೆ ಹೊಸದಲ್ಲ, ಮಳೆಗಾಲದಲ್ಲಿ ಅದು ದಂಡೆ ಮೀರೋದೂ ಹೊಸದಲ್ಲ. ಇತ್ತೀಚೆಗೆ ಹೊಸದಾಗಿರೋದು, ಹೊಳೆಯ ಬಗ್ಗೆ ಇವರಿಗೆ ಹೇಳಲಾಗುತ್ತಿರುವ ಸುಳ್ಳುಗಳು. ಇವತ್ತು ನಾನು ಬರೆಯಬೇಕು ಅಂದುಕೊಂಡಿರುವುದು ಅದನ್ನೇ. ಸ್ವಲ್ಪ ಲೆಕ್ಕ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಮಹದಾಯಿ ಲೆಕ್ಕ.

ಮಲಪ್ರಭಾ ಹುಟ್ಟೋದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಮಹದಾಯಿಗೆ ಸೇರುವ ಕಳಸಾ ಹಳ್ಳವೂ ಅದೇ ಕಣಕುಂಬಿ ಕಡೆಯದು. ಒಂದೇ ಕಾಡಿನ ನೀರು, ಒಂದು ಪೂರ್ವಕ್ಕೆ ನಮ್ಮ ಕಡೆ ಬರುತ್ತದೆ, ಇನ್ನೊಂದು ಪಶ್ಚಿಮಕ್ಕೆ ಗೋವಾ ಕಡೆ ಇಳಿಯುತ್ತದೆ. ಆ ಕಡೆ ಹೋಗುವುದರಲ್ಲಿ ಒಂದಿಷ್ಟನ್ನು ಈ ಕಡೆ ತಿರುಗಿಸಿ ಅನ್ನೋದು ಕಳಸಾ-ಬಂಡೂರಿ. ಮೊದಲು ಕೇಳಿದ್ದು 7.56 ಟಿಎಂಸಿ. 2002ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ತಾತ್ವಿಕ ಒಪ್ಪಿಗೆ ಕೊಟ್ಟಿತು, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ತಾನೇ ತಡೆಹಿಡಿಯಿತು. 2006ರಲ್ಲಿ ಕಣಕುಂಬಿಯಲ್ಲಿ ಭೂಮಿಪೂಜೆ. 2010ರಲ್ಲಿ ನ್ಯಾಯಮಂಡಳಿ. 2015ರ ಜುಲೈನಲ್ಲಿ ನರಗುಂದದಲ್ಲಿ ರೈತರು ಧರಣಿ ಕುಳಿತರು. ಒಂದು ದಿನ, ಒಂದು ವಾರ ಅಲ್ಲ ಸ್ವಾಮಿ, ವರ್ಷಗಟ್ಟಲೆ ಕುಳಿತರು. 2016ರ ಜುಲೈ 27ರಂದು ನ್ಯಾಯಮಂಡಳಿ ಮಧ್ಯಂತರ ಅರ್ಜಿ ತಳ್ಳಿಹಾಕಿದಾಗ ನವಲಗುಂದ, ನರಗುಂದ ಹೊತ್ತಿ ಉರಿದವು. ಆಮೇಲೆ ಯಮನೂರಿನಲ್ಲಿ ಪೊಲೀಸರು ಮನೆ ಹೊಕ್ಕು ಹೆಂಗಸರು ಮುದುಕರು ಅನ್ನದೆ ಬಡಿದದ್ದನ್ನು ಇಡೀ ರಾಜ್ಯ ನೋಡಿತು.

ಕೊನೆಗೆ 2018ರ ಆಗಸ್ಟ್ 14ರಂದು ತೀರ್ಪು ಬಂತು. "ಕರ್ನಾಟಕಕ್ಕೆ 13.42 ಟಿಎಂಸಿ!" ಅಂತ ಪಟಾಕಿ ಹೊಡೆದದ್ದೇ ಹೊಡೆದದ್ದು.

ಈಗ ಆ 13.42ನ್ನು ಬಿಡಿಸಿ ನೋಡೋಣ. ಅದರಲ್ಲಿ 8.02 ಟಿಎಂಸಿ ವಿದ್ಯುತ್ ಉತ್ಪಾದನೆಗೆ. 1.5 ಟಿಎಂಸಿ ಮಹದಾಯಿ ಕೊಳ್ಳದ ಒಳಗೇ ಬಳಸಲು. ಮಲಪ್ರಭೆಗೆ ತಿರುಗಿಸಿಕೊಳ್ಳಲು ಸಿಕ್ಕಿದ್ದು ಕಳಸಾದಿಂದ 1.72, ಬಂಡೂರಿಯಿಂದ 2.18. ಕೂಡಿಸಿದರೆ 3.9 ಟಿಎಂಸಿ. ಅದೂ ಯಾವುದಕ್ಕೆ? ಹುಬ್ಬಳ್ಳಿ-ಧಾರವಾಡ ಮತ್ತು ಸುತ್ತಲಿನ ಊರುಗಳ ಕುಡಿಯುವ ನೀರಿಗೆ.

ಹೊಲಕ್ಕೆ ಅಂತ ಒಂದು ಹನಿಯೂ ಇಲ್ಲ.

ಕುಡಿಯುವ ನೀರು ಬೇಡ ಅಂತ ನಾನು ಹೇಳುತ್ತಿಲ್ಲ. ಹುಬ್ಬಳ್ಳಿಯಲ್ಲಿ ವಾರಕ್ಕೊಮ್ಮೆ ನಲ್ಲಿ ನೀರು ಬರುವ ಓಣಿಗಳನ್ನು ನಾನೂ ನೋಡಿದ್ದೇನೆ. ಹುಬ್ಬಳ್ಳಿ-ಧಾರವಾಡಕ್ಕೆ ಮಲಪ್ರಭಾ ಡ್ಯಾಮಿನಿಂದಲೇ ನೀರು ಹೋಗುತ್ತದೆ, ಅಲ್ಲಿಗೆ ಮಹದಾಯಿ ನೀರು ಬಂದು ಬಿದ್ದರೆ ಅಷ್ಟರಮಟ್ಟಿಗೆ ರೈತರ ಪಾಲು ಉಳಿಯುತ್ತದೆ ಅನ್ನುವ ವಾದವೂ ಸರಿಯೇ. ಆದರೆ ಎಷ್ಟು ಉಳಿಯುತ್ತದೆ? ನವಿಲುತೀರ್ಥದ ಡ್ಯಾಮಿನ ಸಾಮರ್ಥ್ಯ 37.73 ಟಿಎಂಸಿ. 3.9 ಅಂದರೆ ಅದರ ಹತ್ತನೇ ಒಂದು ಭಾಗ. ಆ ಡ್ಯಾಮನ್ನು ನಂಬಿಕೊಂಡ ನೆಲ 2 ಲಕ್ಷ ಹೆಕ್ಟೇರಿಗೂ ಹೆಚ್ಚು. ಇದನ್ನು ನರಗುಂದದ ಧರಣಿ ಪೆಂಡಾಲಿಗೆ ಬಂದು ಹಾರ ಹಾಕಿಸಿಕೊಂಡ ಎಷ್ಟು ಜನ ನಾಯಕರು ರೈತರಿಗೆ ಬಿಡಿಸಿ ಹೇಳಿದರು? ಒಬ್ಬರಾದರೂ "ತಮ್ಮಾ, ಈ ನೀರು ಬಂದರೂ ನಿನ್ನ ಹೊಲದ ಕಾಲುವೆ ತುಂಬಂಗಿಲ್ಲ" ಅಂದರಾ?

ಅನ್ನಲಿಲ್ಲ. ಅಂದರೆ ವೋಟು ಎಲ್ಲಿಂದ ಬರಬೇಕು?

2017ರ ಡಿಸೆಂಬರ್‌ನಲ್ಲಿ ಗೋವಾ ಮುಖ್ಯಮಂತ್ರಿ ಪರಿಕ್ಕರ್ ಬರೆದ ಪತ್ರವನ್ನು ಹುಬ್ಬಳ್ಳಿಯ ವೇದಿಕೆಯಲ್ಲಿ ಓದಿ ಹೇಳಿದಾಗ ಚಪ್ಪಾಳೆಯೋ ಚಪ್ಪಾಳೆ. ಆ ಪತ್ರದಲ್ಲಿದ್ದದ್ದು ಮಾತುಕತೆಗೆ ಸಿದ್ಧ ಅನ್ನುವ ಮಾತು, ನೀರಲ್ಲ! ಚುನಾವಣೆ ಮುಗಿಯಿತು, ಪತ್ರವೂ ಮುಗಿಯಿತು. ತೀರ್ಪಿನ ಅಧಿಸೂಚನೆ ಗೆಜೆಟ್‌ನಲ್ಲಿ ಬರಲು 2020ರ ಫೆಬ್ರವರಿ ಆಯಿತು, ಅದಕ್ಕೊಂದು ವಿಜಯೋತ್ಸವ. ಯೋಜನಾ ವರದಿಗೆ ಕೇಂದ್ರ ಜಲ ಆಯೋಗ ಒಪ್ಪಿದ್ದು 2022ರ ಡಿಸೆಂಬರ್‌ನಲ್ಲಿ, ಮತ್ತೊಂದು ಚುನಾವಣೆಗೆ ಸರಿಯಾಗಿ ಐದು ತಿಂಗಳು ಮೊದಲು. ಅದಕ್ಕೂ ಸಿಹಿ ಹಂಚಿದರು. ಆಮೇಲೆ ಅರಣ್ಯ ಇಲಾಖೆ, ವನ್ಯಜೀವಿ ಮಂಡಳಿ, ಸುಪ್ರೀಂ ಕೋರ್ಟ್ ಅಂತ ಫೈಲು ಊರೂರು ತಿರುಗುತ್ತಿದೆ. ಬೆಂಗಳೂರಿನಲ್ಲಿ ಆಳುವ ಪಕ್ಷ ದೆಹಲಿಯತ್ತ ಬೆರಳು ತೋರಿಸುತ್ತದೆ, ದೆಹಲಿಯ ಪಕ್ಷ ಬೆಂಗಳೂರಿನತ್ತ ತೋರಿಸುತ್ತದೆ. ಎರಡೂ ಕಡೆ ಒಂದೇ ಪಕ್ಷ ಇದ್ದ ಕಾಲದಲ್ಲಿ ಗೋವಾದತ್ತ ತೋರಿಸುತ್ತಿದ್ದರು. ಗೋವಾದಲ್ಲೂ ಅದೇ ಪಕ್ಷವಿತ್ತು ಅನ್ನೋದು ಬೇರೆ ಮಾತು ಬಿಡಿ!!

ಈಗ ಎರಡನೇ ಲೆಕ್ಕ, ನೆರೆಯದ್ದು.

ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ. ಹೊಳೆಯಲ್ಲಿ 45 ಸಾವಿರ ಕ್ಯೂಸೆಕ್ ನೀರು ಒಂದು ದಿನ, ಒಂದೇ ಒಂದು ದಿನ ಹರಿದರೆ ಎಷ್ಟಾಯಿತು? ಸುಮಾರು 3.9 ಟಿಎಂಸಿ!

ಅಂದರೆ ನಲವತ್ತು ವರ್ಷ ಹೋರಾಡಿ, ಏಟು ತಿಂದು, ಕೇಸು ಹಾಕಿಸಿಕೊಂಡು ಗಿಟ್ಟಿಸಿದ ಇಡೀ ವರ್ಷದ ಪಾಲು, ಹೊಳೆ ಏರಿದ ಒಂದು ಹಗಲು ಒಂದು ರಾತ್ರಿಯಲ್ಲಿ ನಮ್ಮ ಮನೆ ಮುಂದೆಯೇ ಹಾದು ಕೂಡಲಸಂಗಮ ಸೇರಿ ಕೃಷ್ಣೆಯ ಪಾಲಾಗುತ್ತದೆ. 2019ರ ಆಗಸ್ಟ್‌ನಲ್ಲಿ ಹೊಳೆಯನ್ನು ಕಣ್ಣಾರೆ ಕಂಡವರು ಈ ಲೆಕ್ಕವನ್ನು ತಾವೇ ಮುಂದುವರಿಸಲಿ.

ನೆರೆ ನೀರನ್ನು ಹಿಡಿದಿಡೋದು ಕೊಡದಲ್ಲಿ ತುಂಬಿಟ್ಟಷ್ಟು ಸುಲಭವಲ್ಲ, ಗೊತ್ತು. ಡ್ಯಾಮು ತುಂಬುವುದೇ ಅಪರೂಪ, ತುಂಬಿದ ವರ್ಷ ಒಮ್ಮೆಲೇ ಬಿಡಬೇಕಾಗುತ್ತದೆ. ಆದರೆ ಎಲ್ಲ ನೆರೆಯೂ ಡ್ಯಾಮಿನದಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ನೆರೆ ನೆನಪಿದೆಯಲ್ಲ? ಅವತ್ತು ಮಳೆ ಬಿದ್ದದ್ದು ಬಯಲಿನಲ್ಲೇ. ಹುಬ್ಬಳ್ಳಿ, ಕುಂದಗೋಳ, ನವಲಗುಂದ ಕಡೆಯ ನೀರನ್ನೆಲ್ಲ ಹೊತ್ತು ಬರುವ ಬೆಣ್ಣಿಹಳ್ಳ ರೋಣ ತಾಲ್ಲೂಕಿನ ಮೆಣಸಗಿ ಹತ್ತಿರ ಮಲಪ್ರಭೆಗೆ ಸೇರುತ್ತದೆ. ಎರಿ ಹೊಲದ ನಡುವೆ ಹರಿಯುವ ಈ ಹಳ್ಳಕ್ಕೆ ಆಳವಿಲ್ಲ, ದಂಡೆಯಿಲ್ಲ, ಮೈತುಂಬ ಜಾಲಿಕಂಟಿ. ಸ್ವಲ್ಪ ಮಳೆ ಜೋರಾದರೆ ಹಳ್ಳ ಯಾವುದು ಹೊಲ ಯಾವುದು ಗೊತ್ತಾಗುವುದಿಲ್ಲ. ಈ ಹಳ್ಳದ ಮೇಲೆ ನೀರಾವರಿ ತಜ್ಞ ಪರಮಶಿವಯ್ಯನವರು ವರದಿ ಕೊಟ್ಟು ಎಷ್ಟು ಕಾಲವಾಯಿತು! ಪ್ರತಿ ಸಲ ಬೆಣ್ಣಿಹಳ್ಳ ಉಕ್ಕಿದಾಗ ವರದಿಯ ಧೂಳು ಒಮ್ಮೆ ಕೊಡವುತ್ತಾರೆ, ನೀರಿಳಿದ ಮೇಲೆ ಮತ್ತೆ ಕಪಾಟಿಗೆ.

ಗೋವಾದವರು ಅಡ್ಡ ಬರದ, ಮಹಾರಾಷ್ಟ್ರ ತಕರಾರು ಮಾಡದ, ನ್ಯಾಯಮಂಡಳಿ ಬೇಕಾಗದ ನೀರಿದು. ಪೂರ್ತಿ ನಮ್ಮದೇ. ಆದರೆ ಇದಕ್ಕಾಗಿ ಯಾರಾದರೂ ಬಂದ್ ಕರೆದದ್ದು ಕೇಳಿದ್ದೀರಾ? ಇಲ್ಲ. ಯಾಕೆಂದರೆ ಇದರಲ್ಲಿ ಬೈಯಲು ಹೊರಗಿನ ವೈರಿ ಇಲ್ಲ. ಬೈದರೆ ನಮ್ಮವರನ್ನೇ ಬೈಯಬೇಕು.

ಇನ್ನೊಂದು ವಿಷಯ. ಡ್ಯಾಮು ಕಟ್ಟಿದಾಗ ಜೋಳ, ಗೋಧಿ, ಹತ್ತಿಯಂತಹ ಕಡಿಮೆ ನೀರಿನ ಬೆಳೆಗೆ ಅಂತ ಲೆಕ್ಕ ಹಾಕಿದ್ದು. ಆಮೇಲೆ ಮೇಲ್ಭಾಗದಲ್ಲಿ ಕಬ್ಬು ಹಬ್ಬಿತು, ದಂಡೆಯುದ್ದಕ್ಕೂ ಪಂಪ್‌ಸೆಟ್ ಕೂತವು. ಕಬ್ಬು ಬೆಳೆದವನ ಮೇಲೆ ನನಗೇನೂ ಸಿಟ್ಟಿಲ್ಲ, ಬೆಲೆ ಇರುವುದನ್ನು ರೈತ ಬೆಳೆಯುತ್ತಾನೆ. ಆದರೆ ಕಾಲುವೆಯ ತುದಿಯಲ್ಲಿರುವವನಿಗೆ ನೀರು ಬರದಿರೋದಕ್ಕೆ ಬರೀ ಗೋವಾ ಕಾರಣ ಅನ್ನೋದಿದೆಯಲ್ಲ, ಅದು ಶುದ್ಧ ಮೋಸ.

ಈಗ ಗಂಜಿ ಕೇಂದ್ರದ ಕಡೆ ಬರೋಣ.

2009ರ ನೆರೆಯಾದ ಮೇಲೆ "ಆಸರೆ" ಅಂತ ಯೋಜನೆ ಬಂತು. ಕಂಪನಿಗಳು, ಮಠಗಳು, ಸಂಘ ಸಂಸ್ಥೆಗಳು ಹಣ ಕೊಟ್ಟವು. ನಾಡಿನ ಜನ ಜೋಳಿಗೆಗೆ ಹಾಕಿದರು. ಹೊಸ ಜಾಗದಲ್ಲಿ ಸಾಲು ಸಾಲು ಮನೆಗಳು ಎದ್ದವು, ಕಲ್ಲಿನ ಮೇಲೆ ದಾನಿಗಳ ಹೆಸರು ಕೂತಿತು. ಹತ್ತು ವರ್ಷದ ಮೇಲೆ, 2019ರಲ್ಲಿ ಮತ್ತೆ ಹೊಳೆ ಬಂದಾಗ ರಾಜ್ಯ ಏನು ನೋಡಿತು? ಹಳೇ ಊರಲ್ಲೇ ಜನ! ಅನೇಕ ಆಸರೆ ಮನೆಗಳ ಸುತ್ತ ಮುಳ್ಳುಕಂಟಿ ಬೆಳೆದಿತ್ತು, ಬಾಗಿಲು ಕಿಟಕಿ ಕಿತ್ತು ಹೋಗಿದ್ದವು.

"ನೋಡಿ, ಮನೆ ಕಟ್ಟಿಕೊಟ್ಟರೂ ಇವರು ಹೋಗಲಿಲ್ಲ, ಪರಿಹಾರದ ಆಸೆಗೆ ಅಲ್ಲೇ ಕೂತರು" ಅಂತ ಬೆಂಗಳೂರಿನಲ್ಲಿ ಎಸಿ ರೂಮಿನಲ್ಲಿ ಕುಳಿತವರು ತೀರ್ಪು ಕೊಟ್ಟರು. ಅಲ್ಲಾ ಸ್ವಾಮಿ, ಎರಡೆತ್ತು ಒಂದು ಎಮ್ಮೆ ಇರುವ ಮನುಷ್ಯ ಆ ಬೆಂಕಿಪೊಟ್ಟಣದಂಥ ಮನೆಯಲ್ಲಿ ಅವನ್ನು ಎಲ್ಲಿ ಕಟ್ಟಬೇಕು? ಮೇವಿನ ಬಣವಿ ಎಲ್ಲಿ ಒಟ್ಟಬೇಕು? ಕಾಳುಕಡಿ ಎಲ್ಲಿ ಇಡಬೇಕು? ಹೊಲ ಹೊಳೆದಂಡೆಯಲ್ಲಿ, ಮನೆ ಗುಡ್ಡದ ಕಡೆ. ಮೂರು ಗಂಡುಮಕ್ಕಳಿರುವ ಕುಟುಂಬಕ್ಕೆ ಒಂದು ಮನೆ. ನೀರು, ದಾರಿ, ಶಾಲೆ, ಹಕ್ಕುಪತ್ರ ಇವುಗಳ ಕಥೆ ಒಂದೊಂದು ಊರಲ್ಲಿ ಒಂದೊಂದು. ಮನೆ ಕಟ್ಟಿದವರು ಗೋಡೆ ಕಟ್ಟಿದರು, ಊರು ಕಟ್ಟಲಿಲ್ಲ. ಊರು ಅಂದರೆ ಗೋಡೆಯಾ?

2019ರಲ್ಲಿ ರಾಜ್ಯಕ್ಕೆ ಮುಖ್ಯಮಂತ್ರಿ ಒಬ್ಬರೇ ಇದ್ದರು, ಮಂತ್ರಿಮಂಡಲವೇ ಇರಲಿಲ್ಲ. ನರಗುಂದ ತಾಲ್ಲೂಕಿನ ಕೊಣ್ಣೂರಿಗೆ ಅವರು ಬಂದಾಗ ಕಾರಿಗೆ ಅಡ್ಡ ನಿಂತು ಗೋಳು ಹೇಳಿಕೊಳ್ಳಲು ಹೋದ ನೆರೆ ಸಂತ್ರಸ್ತರಿಗೆ ಸಿಕ್ಕಿದ್ದು ಲಾಠಿ ಏಟು. ರಾಜ್ಯ ಹೇಳಿದ ನಷ್ಟ 35 ಸಾವಿರ ಕೋಟಿಗೂ ಮೇಲೆ. ಕೇಂದ್ರ ಮೊದಲ ಕಂತಾಗಿ ಕೊಟ್ಟದ್ದು 1,200 ಕೋಟಿ, ಅದೂ ಅಕ್ಟೋಬರಿನಲ್ಲಿ. ಮನೆ ಪೂರ್ತಿ ಬಿದ್ದವರಿಗೆ 5 ಲಕ್ಷ ಘೋಷಣೆಯಾಯಿತು, ಒಳ್ಳೆಯದೇ. ಆದರೆ ಬಿದ್ದ ಮನೆಗೆ ‘ಎ’, ‘ಬಿ’, ‘ಸಿ’ ಅಂತ ದರ್ಜೆ ಕೊಡುವ ಕೆಲಸ ಶುರುವಾಯಿತಲ್ಲ, ಅಲ್ಲಿಂದ ಊರೂರಲ್ಲಿ ಜಗಳ. ಮಣ್ಣಿನ ಮಾಳಿಗೆ ಮನೆ ನೀರಲ್ಲಿ ನೆನೆದು ಗೋಡೆ ನಿಂತಿದ್ದರೆ ‘ಸಿ’, ಐವತ್ತು ಸಾವಿರ. ಅದೇ ಗೋಡೆ ತಿಂಗಳಾದ ಮೇಲೆ ಬಿಸಿಲಿಗೆ ಒಣಗಿ ಕುಸಿದರೆ? ಸರ್ವೇ ಮುಗಿದಿದೆ, ನಡಿ!

ಆಗಸ್ಟ್ ಅಂದರೆ ನಮ್ಮ ಕಡೆ ಹೆಸರು ಬಿಡಿಸುವ ಕಾಲ. ಕೈಗೆ ಬಂದ ತುತ್ತು. ಅದು ಹೋದದ್ದಕ್ಕೆ ಯಾವ ದರ್ಜೆ ಕೊಡುತ್ತೀರಿ?

ನರಗುಂದದಲ್ಲಿ ಪ್ರತಿ ವರ್ಷ ಜುಲೈ 21ರಂದು ವೀರಗಲ್ಲಿಗೆ ಹಾರ ಬೀಳುತ್ತದೆ. 1980ರ ಅವತ್ತು, ನೀರು ಹರಿಯದ ಹೊಲಕ್ಕೂ ಅಭಿವೃದ್ಧಿ ಕರ ಕಟ್ಟು ಅಂದ ಸರ್ಕಾರದ ವಿರುದ್ಧ ರೈತರು ಎದ್ದರು. ಗೋಲಿಬಾರ್ ಆಯಿತು, ರೈತರು ಸತ್ತರು. ಉದ್ರಿಕ್ತ ಜನರ ಕೈಯಲ್ಲಿ ಪೊಲೀಸರೂ ಸತ್ತರು. ಅವರೂ ಯಾರದೋ ಮನೆ ಮಕ್ಕಳೇ. ಆ ಬಂಡಾಯದ ಮೂಲ ಪ್ರಶ್ನೆ ಏನಿತ್ತು ನೆನಪಿಸಿಕೊಳ್ಳಿ. "ನೀರು ಕೊಡುತ್ತೇನೆ ಅಂದೆ, ಎಲ್ಲಿ? ಕೊಡದ ನೀರಿಗೆ ಲೆಕ್ಕ ಹೇಳು." ಅದು ಲೆಕ್ಕ ಕೇಳುವ ಚಳವಳಿಯಾಗಿತ್ತು. ಇವತ್ತು ಅದೇ ಕಲ್ಲಿನ ಮುಂದೆ ನಿಂತು ಭಾಷಣ ಮಾಡುವವರು ಲೆಕ್ಕ ಬಿಟ್ಟು ಉಳಿದಿದ್ದೆಲ್ಲ ಹೇಳುತ್ತಾರೆ.

"ಹಾಗಾದರೆ ನೀನು ಗೋವಾ ಪರವಾ?" ಅಂತ ಕೇಳುವವರು ಕೇಳಲಿ. ತೀರ್ಪಿನಲ್ಲಿ ಬಂದ 3.9 ಟಿಎಂಸಿ ನಮ್ಮದು, ಅದು ಬರಲೇಬೇಕು. ಆದರೆ ಅದು ಬರುವ ತನಕ ನಮ್ಮ ಪುಢಾರಿಗಳು ಕೈಕಟ್ಟಿ ಕೂಡಲಿಕ್ಕೆ ಅದನ್ನು ನೆಪ ಮಾಡಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಮುಂದಿನ ಸಲ ವೋಟು ಕೇಳಲು ಬಂದವರ ಮುಂದೆ ಈ ನಾಲ್ಕು ಪ್ರಶ್ನೆ ಇಡಿ:

1. ಮಹದಾಯಿ ನೀರು ಬಂದರೆ ನನ್ನ ಹೊಲಕ್ಕೆ ಎಷ್ಟು? ಟಿಎಂಸಿಯಲ್ಲಿ ಹೇಳಬೇಡ, ಎಕರೆಯಲ್ಲಿ ಹೇಳು.

2. ಬೆಣ್ಣಿಹಳ್ಳದ, ಮಲಪ್ರಭೆಯ ಪಾತ್ರ ಎಲ್ಲಿಂದ ಎಲ್ಲಿಯ ತನಕ? ಸರ್ವೇ ಮಾಡಿ ಕಲ್ಲು ನೆಡೋದು ಯಾವಾಗ?

3. ಸ್ಥಳಾಂತರ ಮಾಡುವುದಾದರೆ ದನಕ್ಕೆ ಕೊಟ್ಟಿಗೆ, ಬಣವಿಗೆ ಜಾಗ, ಬೆಳೆದ ಮಕ್ಕಳಿಗೆ ನಿವೇಶನ, ಕೈಯಲ್ಲಿ ಹಕ್ಕುಪತ್ರ, ಇಷ್ಟೂ ಸೇರಿಸಿ ಊರು ಕಟ್ಟುತ್ತೀಯೋ, ಮತ್ತೆ ಗೋಡೆ ಮಾತ್ರವೋ?

4. ಡ್ಯಾಮಿನಿಂದ ಎಷ್ಟು ನೀರು, ಎಷ್ಟು ಹೊತ್ತಿಗೆ ಬಿಡುತ್ತಾರೆ ಅನ್ನೋದು ಹೊಳೆಮಣ್ಣೂರಿನ ಮುದುಕಿಗೆ ನೀರು ಹೊಸ್ತಿಲಿಗೆ ಬರುವ ಮೊದಲೇ ಗೊತ್ತಾಗಲು ಏನು ವ್ಯವಸ್ಥೆ ಮಾಡಿದ್ದೀಯ?

ನಾಲ್ಕರಲ್ಲಿ ಒಂದಕ್ಕೂ ಗೋವಾದ ಅಪ್ಪಣೆ ಬೇಕಾಗಿಲ್ಲ. ಉತ್ತರ ಗೊತ್ತಿಲ್ಲದವನು ಕಣಕುಂಬಿಗೆ ಪಾದಯಾತ್ರೆ ಹೋಗುವ ಮೊದಲು ಮೆಣಸಗಿಯಿಂದ ಹೊಳೆಆಲೂರ ತನಕ ಹೊಳೆದಂಡೆಯಲ್ಲಿ ಒಮ್ಮೆ ನಡೆದು ಬರಲಿ. ಜಾಲಿಮುಳ್ಳು ಚುಚ್ಚುತ್ತದೆ, ಚಪ್ಪಲಿ ಗಟ್ಟಿ ಇರಲಿ ಅಂತ ಮೊದಲೇ ಹೇಳಿರುತ್ತೇನೆ.

ಏನಂತೀರಿ?